ಅರಬ್ಬಿ ಕಾರ್ಡಿನೊಳಗಿನ ಅಪ್ಪ

ಕರಿಮಡ್ಡಿಯ ತಾತ್ಯಾಸಾಹೇಬ ದೇಸಾಯರನ್ನು ಸಮಗಾರ ದುರಗಪ್ಪ ಅವತ್ತು ಒಂದಲ್ಲ, ಎರಡಲ್ಲ, ಏಳು ಸಲ ಕೊಂದ. ಮೊದಲನೇ ಸಲ ತೊಗಲು ಕೊಯ್ಯುವ ರಂಪಿಗೆಯಿಂದ ಕುತ್ತಿಗೆ ಕೊಯ್ದ. ಎರಡನೇ ಸಲ ಚಪ್ಲಿ ಹೊಲಿಯುವ ಆರಿಯನ್ನು ಎದೆಗೆ ಇಳಿಸಿದ. ಮೂರನೇ ಸಲ ವಾಡೆಯ ಸಾಗವಾನಿ ತೊಲೆಯನ್ನೇ ಕಿತ್ತು ನೆತ್ತಿಯ ಮೇಲೆ ಹೇರಿದ. ಅಷ್ಟಾದರೂ ದೇಸಾಯರು ಎದ್ದು ಮೀಸೆ ತೀಡಿಕೊಂಡದ್ದರಿಂದ ನಾಲ್ಕನೇ ಸಲ ರಟ್ಟೆ ಹಿಡಿದು ಎತ್ತಿ ಒಗೆದ. ಅವರು ಹಾರಿಹೋಗಿ ಎರಡು ಹರದಾರಿ ಆಚೆ ಕೃಷ್ಣಾ ಹೊಳೆಯಲ್ಲಿ ಬಿದ್ದ ರಭಸಕ್ಕೆ ನೀರು ಚಿಮ್ಮಿ, ಯಡೂರಿನ ದಂಡೆಯಲ್ಲಿ ಒಣಗಲು ಹಾಕಿದ್ದ ಸೀರೆಗಳೆಲ್ಲ ತೊಯ್ದು ತೊಪ್ಪೆಯಾದವು. ಐದನೆಯದನ್ನು ಹೇಳಲು ಬಾಯಿ ತೆಗೆದಾಗ ಫೌಜದಾರನ ಬೂಟುಗಾಲು ಅವನ ಬೆನ್ನಿಗೆ ಬಿತ್ತು.

"ಸೂಳಿಮಗನ, ಒಬ್ಬನ್ನ ಏಳ ಸಲ ಹ್ಯಾಂಗ ಕೊಲ್ತೀಲೇ?"

ದುರಗಪ್ಪ ನೆಲಕ್ಕೆ ಮುಖ ಹಚ್ಚಿಕೊಂಡೇ ಉತ್ತರ ಕೊಟ್ಟ. "ದೇಸಾಯ್ರ ಜೀಂವಾ ಭಾಳ ಗಟ್ಟಿ ರೀ ಸಾಹೇಬ್ರ. ಬಡವರದಾದ್ರ ಒಂದ ಸಲಕ್ಕ ಹೊಕ್ಕೈತಿ. ಲಗೂನ ಜೀಪ ತಗೀರಿ. ಹೆಣ ಬಿಸಲಾಗ ಬಿದ್ದೈತಿ."

"ಹೊಳ್ಯಾಗ ಬಿದ್ದಾವ ಬಿಸಲಾಗ ಯಾವಾಗ ಬಂದಾ?"

"ಏಳನೇ ಸಲ ಸಾಯಾಕಂತ ಹೊಳ್ಳಿ ಬಂದಿದ್ರು ರೀ."

ಮೂಲೆಯಲ್ಲಿ ಕೂತಿದ್ದ ಹವಾಲ್ದಾರ ಕಾಡಸಿದ್ದ ನಗು ತಡೆಯಲು ಮೀಸೆ ಕಚ್ಚಿಕೊಂಡ. ಫೌಜದಾರ ನಗಲಿಲ್ಲ. ಚೈತ್ರದ ನಡುಹಗಲು, ಊರಿಗೆ ದಾರಿ ಒಡೆಯುವ ಕರಿಮಡ್ಡಿ ಫಾಟಾದ ಠಾಣೆಯ ಹಂಚು ಕಾದು ಕೆಳಗಿದ್ದವರ ತಲೆ ಬೇಯುತ್ತಿತ್ತು. ಉಂಡು, ಸೊಂಟದ ಪಟ್ಟಿ ಸಡಿಲಿಸಿ, ಆಗಷ್ಟೇ ಕಣ್ಣು ಮುಚ್ಚಿದ್ದ. ಅಷ್ಟರಲ್ಲಿ ಈ ಪ್ರಾಣಿ ಓಡುತ್ತ ಬಂದು ಬಾಗಿಲಲ್ಲಿ ಬಿದ್ದಿತ್ತು. ಅಂಗಿಯ ತುಂಬ ನೆತ್ತರು, ಬಾಯಿ ತುಂಬ ದೊಡ್ಡ ಮಾತು, ಹಣೆಯ ಮೇಲೆ, ಗಲ್ಲಗಳ ಮೇಲೆ ಜಾಂಬಳಿ ಬಣ್ಣದ ಗುಂಡನೆಯ ಕಲೆಗಳು. ಎರಡೂ ಕೈಗಳನ್ನು ಅಂಗಿಯೊಳಗೆ ತೂರಿಸಿ ಹೊಟ್ಟೆಗೆ ಒತ್ತಿಕೊಂಡಿದ್ದ.

ಮಾತು ಹುಚ್ಚರದು. ಆದರೆ ನೆತ್ತರು ಹುಚ್ಚರದಲ್ಲ. ದೇಸಾಯರೆಂದರೆ ಸಣ್ಣ ಹೆಸರೂ ಅಲ್ಲ. ಕೃಷ್ಣೆಯಿಂದ ಮಡ್ಡಿಯ ತನಕ ಅವರ ಕಬ್ಬು, ಮಡ್ಡಿಯಿಂದ ಆಚೆ ಅವರ ದ್ರಾಕ್ಷಿ. ಅಂಥವರು ತನ್ನ ಹದ್ದಿನಲ್ಲಿ ಸತ್ತರೆ ತನ್ನ ಟೊಪ್ಪಿಗೆ ಉಳಿಯುವುದಿಲ್ಲ.

"ವಾಡೇಕ ಫೋನ್ ಹಚ್ಚಲೇ ಕಾಡಸಿದ್ದ."

"ಹಚ್ಚೀನ್ರಿ. ಲೈನ ಹತ್ತವಲ್ದು. ಬರೇ ಗುರ್ರ್ ಅಂತೈತಿ."

"ಅದs ರೀ," ದುರಗಪ್ಪ ತಲೆ ಎತ್ತಿದ. "ಎತ್ತಾಕ ಯಾರೂ ಉಳದಿಲ್ಲ. ನಡೀರಿ ಸಾಹೇಬ್ರ, ನಿಮ್ಮ ಕಾಲ ಬೀಳ್ತೀನಿ."

"ಡ್ರಾಯವರ ಖಾನಾವಳಿಗೆ ಹೋಗ್ಯಾನ. ಬರತನಾ ಜವಾಬ ಬರಸು. ಖೂನ ಮಾಡಿದಾಂವಗ ಇಷ್ಟ ಅವಸರ ನಾ ಎಲ್ಲೂ ನೋಡಿಲ್ಲ."

ಕಾಡಸಿದ್ದ ಹಾಳೆ ಮಡಚಿ ಅಂಚು ಬಿಟ್ಟ. "ಹೆಸರು?"

"ದುರಗಪ್ಪ."

"ಅಪ್ಪನ ಹೆಸರು?"

ದುರಗಪ್ಪ ಒಮ್ಮೆಲೇ ನಕ್ಕ. ನಕ್ಕರೆ ಪಕ್ಕಡಿ ನೋಯುತ್ತಿತ್ತು, ಆದರೂ ನಕ್ಕ. "ಯಾವದ ಬರಕೋತೀರಿ? ಕಾಗದದಾಗಿಂದೋ, ಖರೇದೋ?"

"ಅಪ್ಪಗೋಳು ಎಷ್ಟ ಮಂದಿ ಇರ್ತಾರಲೇ?"

"ಎಲ್ಲಾರಿಗೂ ಒಬ್ಬ ರೀ. ನನಗ ಇಬ್ಬರು. ಅದಕ್ಕs ಇಷ್ಟೆಲ್ಲಾ ಆಗಿದ್ದು."

*

ದುರಗಪ್ಪ ಬಾಯಿ ತೆಗೆದರೆ ಕರಿಮಡ್ಡಿಯ ಸಮಗಾರ ಓಣಿಯಲ್ಲಿ ನಾಯಿಗಳೂ ಎದ್ದು ಕೂತು ಕೇಳುತ್ತಿದ್ದವು. ಕುವೈತಿನ ಒಂದು ಅಂಗಡಿಯಲ್ಲಿ ನಾಲ್ಕು ವರ್ಷ ಚಪ್ಲಿ ಹೊಲಿದು, ತೊಂಬತ್ತರಲ್ಲಿ ಯುದ್ಧ ಹತ್ತಿದಾಗ ಮರಳುಗಾಡು ದಾಟಿ, ಸರಕಾರದ ವಿಮಾನ ಹತ್ತಿ ಮುಂಬೈಗೆ ಬಂದಿಳಿದವನು ಅವನು. ಎಲ್ಲರೂ ಒಂಟೆಯ ಮೇಲೆ ಕೂತು ಮರಳುಗಾಡು ದಾಟಿದರೆ ಇವನು ಸುಸ್ತಾದ ಒಂಟೆಯನ್ನು ಹೆಗಲ ಮೇಲೆ ಹೊತ್ತು ದಾಟಿದ. ಅಲ್ಲಿನ ಶೇಖರು ಇವನು ಹೊಲಿದ ಚಪ್ಲಿಗಳನ್ನು ಕಾಲಿಗೆ ಹಾಕದೆ ತಲೆದಿಂಬಿನ ಕೆಳಗಿಟ್ಟು ಮಲಗುತ್ತಿದ್ದರು. ಇವನ ಪಾಸ್‌ಪೋರ್ಟು ಅಂಗಡಿಯೊಡನೆ ಸುಟ್ಟುಹೋಯಿತು. ಉಳಿದದ್ದು ಕಿಸೆಯಲ್ಲಿದ್ದ ಒಂದೇ ಒಂದು ಕಾರ್ಡು. ಪ್ಲಾಸ್ಟಿಕ್ಕು ಹೊದಿಸಿದ್ದು, ಇವನ ಫೋಟೊ ಇದ್ದದ್ದು, ಮೇಲಿಂದ ಕೆಳಗಿನ ತನಕ ಬರೀ ಅರಬ್ಬಿ.

ಎರಡು ವರ್ಷ ಆ ಕಾರ್ಡು ದೇವರ ಮಾಡದಲ್ಲಿ ಭಂಡಾರ ಹಚ್ಚಿಸಿಕೊಂಡು ಕೂತಿತ್ತು. ಈ ಸಲ ಹೋಳಿಹುಣ್ಣಿಮೆಯ ಮುಂದೆ ಮುಂಬೈ ಏಜೆಂಟನ ಪತ್ರ ಬಂತು. ಅಂಗಡಿಯವ ಮತ್ತೆ ಅಂಗಡಿ ತೆರೆದಿದ್ದಾನೆ, ದುರಗಪ್ಪನೇ ಬೇಕೆಂದು ವೀಸಾ ಕಳಿಸಿದ್ದಾನೆ. ಹೊಸ ಪಾಸ್‌ಪೋರ್ಟಿಗೆ ಹಳೆಯ ಕಾರ್ಡಿನ ಭಾಷಾಂತರ ಮಾಡಿಸಬೇಕು. ಕಾರ್ಡಿನೊಳಗಿನವನೂ ಇವನೂ ಒಬ್ಬನೇ ಎಂದು ತಾಲೂಕಿನ ದೊಡ್ಡ ಸಾಹೇಬರ ಸಹಿ ಶಿಕ್ಕಾ ಹಾಕಿಸಬೇಕು. ತಿಂಗಳೊಳಗೆ ಅಸಲು, ನಕಲು ಎರಡೂ ಮುಂಬೈಗೆ ಮುಟ್ಟದಿದ್ದರೆ ವೀಸಾ ಇನ್ನೊಬ್ಬನ ಪಾಲು.

ದುರಗಪ್ಪ ಪತ್ರವನ್ನು ಅವ್ವನಿಗೆ ಓದಿ ಹೇಳಿದ. ರುಕ್ಮವ್ವ ನಲವತ್ತು ವರ್ಷದಿಂದ ದೇಸಾಯರ ಗೋದಲಿಯಲ್ಲಿ ಸಗಣಿ ಬಳಿಯುತ್ತಿದ್ದವಳು. "ಈ ಸಲ ಹೋದ್ನಿ ಅಂದ್ರ ವರ್ಷದಾಗ ನಿನ್ನ ಆ ಗೋದಲಿಯಿಂದ ಬಿಡಸ್ತೀನಿ. ನಿಪ್ಪಾಣ್ಯಾಗ ಖೋಲಿ ಮಾಡೂನು. ಖೋಲಿಗೆ ಬಾಗಲಾ ಇರತೈತಿ ಬೇ ಯವ್ವಾ, ಒಳಗಿಂದ ಚಿಲಕಾ."

ಅವಳು ಸಗಣಿ ಕೈಯನ್ನು ಸೆರಗಿಗೆ ಒರೆಸಿ ಕಾರ್ಡನ್ನು ಒಮ್ಮೆ ಮುಟ್ಟಿ ನೋಡಿದಳು. "ಚಿಲಕಾ ಒಳಗಿಂದೇನು?" ಎಂದು ಎರಡು ಸಲ ಕೇಳಿದಳು.

"ನಿಮ್ಮವ್ವ ಈಗ ಎಲ್ಲಿದಾಳಲೇ?" ಫೌಜದಾರ ನಡುವೆ ಬಾಯಿ ಹಾಕಿದ.

ದುರಗಪ್ಪ ಬಾಗಿಲ ಕಡೆ ನೋಡಿದ. "ಅಕಿ... ಅಕಿ ಮಂಗಸೂಳಿಗೆ ಹೋಗ್ಯಾಳ್ರಿ. ಮಲ್ಲಯ್ಯನ ದರ್ಶನಕ್ಕ. ಡ್ರಾಯವರ ಬಂದನೇನ್ರಿ?"

*

ಅರಬ್ಬಿ ಓದಬಲ್ಲವರು ಚಿಕ್ಕೋಡಿಯಲ್ಲಿ ಒಬ್ಬರಿದ್ದರು. ಉರ್ದು ಶಾಲೆಯ ನೌಕರಿ ಮುಗಿಸಿ ಮನೆಯಲ್ಲಿ ಕೂತಿದ್ದ ಮುಲ್ಲಾ ಮಾಸ್ತರರು. ಕಾರ್ಡನ್ನು ಬೆಳಕಿಗೆ ಹಿಡಿದು, ಕನ್ನಡಕದ ಮೇಲೆ ಭೂತಗನ್ನಡಿ ಇಟ್ಟು, ಬಲದಿಂದ ಎಡಕ್ಕೆ ಓದುತ್ತ ಹೋದವರು ಒಂದು ಕಡೆ ನಿಂತರು.

"ದುರಗಪ್ಪಾ, ನಿಮ್ಮಪ್ಪನ ಹೆಸರೇನಪಾ?"

"ಲಗಮಣ್ಣ ರೀ."

"ಇದರಾಗ ಬ್ಯಾರೇನs ಐತಿ. ದುರಗಪ್ಪ ಬಿನ್ ತಾತ್ಯಾಸಾಹೇಬ ದೇಸಾಯಿ."

ಮಾಸ್ತರರು ತಾವು ಓದಿದ್ದು ತಮಗೇ ಕೇಳಿಸಿದ ಮೇಲೆ ಎದ್ದುಹೋಗಿ ಬಾಗಿಲು ಮುಂದೆ ಮಾಡಿದರು.

ಹೀಗೆ ಆಗಿದ್ದರಲ್ಲಿ ಕುವೈತಿನವರ ತಪ್ಪೇನೂ ಇರಲಿಲ್ಲ. ಕರಿಮಡ್ಡಿಯಲ್ಲಿ ಒಂದು ರೂಢಿ. ಕೇರಿಯ ಕೂಸು ಶಾಲೆಗೆ ಬಂದರೆ ಪಟ್ಟಿಯಲ್ಲಿ ಅಪ್ಪನ ಹೆಸರು ಬರೆಯುವಂತಿಲ್ಲ. ಅದರ ಅವ್ವ ಯಾರ ಗೋದಲಿಯಲ್ಲಿ ದುಡಿಯುತ್ತಾಳೋ ಆ ಧಣಿಯ ಹೆಸರು ಬರೆಯಬೇಕು. ದುರಗಪ್ಪನನ್ನು ಶಾಲೆಗೆ ಹಚ್ಚಿದ ದಿನ ದೇಸಾಯರು ತಾವೇ ಬಂದು ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದರು. "ನಮ್ಮ ಎತ್ತಿನ ಕೋಡಿಗೆ ನಮ್ಮ ಬಣ್ಣಾ, ನಮ್ಮ ಆಳಿನ ಮಕ್ಕಳಿಗೆ ನಮ್ಮ ಹೆಸರು. ಬರೀರಿ ಮಾಸ್ತರ," ಎಂದಿದ್ದರು. ಲಗಮಣ್ಣ ಅಂಗಳದಲ್ಲಿ ತನ್ನ ಚಪ್ಲಿಗಳನ್ನು ತಲೆಯ ಮೇಲೆ ಹೊತ್ತು ನಿಂತು ಕೇಳಿಸಿಕೊಂಡಿದ್ದ. ಮರುವರ್ಷ ದೇಸಾಯರ ಬಾವಿ ಹೊಡೆಯುವಾಗ ಮದ್ದಿಟ್ಟು ಸಿಡಿಸಿದ ಸುರಂಗದ ಕಲ್ಲು ಅವನ ಮೇಲೆ ಕೂತಿತು. ನಲವತ್ತು ಎತ್ತು ಹೂಡಿದರೂ ಅಲುಗದ ಕಲ್ಲು ಅದು ಎನ್ನುತ್ತಾನೆ ದುರಗಪ್ಪ. ಎತ್ತು ಹೂಡಿದ್ದರೋ ಇಲ್ಲವೋ, ಲಗಮಣ್ಣ ಕಲ್ಲಿನ ಕೆಳಗೇ ಉಳಿದ. ಅವನ ಹೆಸರು ಯಾವ ಕಾಗದದಲ್ಲೂ ಉಳಿಯಲಿಲ್ಲ. ಶಾಲೆ ಬಿಟ್ಟ ದಾಖಲೆಯಲ್ಲಿ ಇದ್ದ ದೊಡ್ಡ ಹೆಸರನ್ನು ಏಜೆಂಟ ಪಾಸ್‌ಪೋರ್ಟಿನಲ್ಲಿ ಅಪ್ಪನ ಜಾಗಕ್ಕೆ ಬರೆಸಿದ. ಪಾಸ್‌ಪೋರ್ಟು ನೋಡಿ ಕುವೈತಿನವರು ಕಾರ್ಡಿಗೆ ಇಳಿಸಿಕೊಂಡರು. ಇಂಗ್ಲಿಷೂ ಅರಬ್ಬಿಯೂ ಬರದ ದುರಗಪ್ಪ ನಾಲ್ಕು ವರ್ಷ ಪರದೇಶದಲ್ಲಿ ದೇಸಾಯರ ಮಗನಾಗಿ ತಿರುಗಾಡಿದ್ದು ಅವನಿಗೇ ಗೊತ್ತಿರಲಿಲ್ಲ.

"ತಿದ್ದಿ ಬರೀರಿ ಮಾಸ್ತರ."

"ತಿದ್ದಿದ್ರ ಭಾಷಾಂತರ ಆಗೂದಿಲ್ಲಪಾ, ಖೋಟಾ ಆಗತೈತಿ. ಮುಂಬೈದಾಗ ಅಸಲು ಮುಂದಿಟ್ಟ ತಾಳಾ ನೋಡ್ತಾರ. ಹೊಂದಲಿಲ್ಲಂದ್ರ ನಿನ್ನ ಜೇಲಿಗೆ ಹಾಕ್ತಾರ."

"ಇದ್ದಂಗ ಬರದ್ರ?"

"ಇದ್ದಂಗ ಬರದ್ರ ಕರಿಮಡ್ಡ್ಯಾಗ ನಿನ್ನ ಹೂಳ್ತಾರ."

ದುರಗಪ್ಪ ಲೆಕ್ಕ ಹಾಕಿದ. ಶಿಕ್ಕಾ ಬೀಳುವುದು ತಾಲೂಕಿನ ಕಚೇರಿಯಲ್ಲಿ, ಕಾಗದ ಹೋಗುವುದು ಮುಂಬೈಗೆ. ನಡುವೆ ಕರಿಮಡ್ಡಿಗೆ ಏನು ಕೆಲಸ? "ಇದ್ದಂಗ ಬರೀರಿ," ಎಂದ. ಮುಲ್ಲಾ ಮಾಸ್ತರರು ದುಂಡಗಿನ ಅಕ್ಷರದಲ್ಲಿ ಬರೆದು, ಕೆಳಗೆ ಸಹಿ ಮಾಡಿ, ಚಹಾ ಕುಡಿಸಿ ಕಳಿಸಿದರು.

*

"ಕಚೇರ್ಯಾಗ ನನಗ ಎಂಥಾ ಮರ್ಯಾದಿ ಮಾಡಿದ್ರು ಅಂತೀರಿ!" ಎಂದ ದುರಗಪ್ಪ. ಕಾಡಸಿದ್ದನ ಪೆನ್ನು ಓಡುತ್ತಿತ್ತು. "ಹೆಡ್ ಕ್ಲಾರ್ಕ ವಿರುಪಾಕ್ಷಪ್ಪನವ್ರು ಕಾಗದ ಓದಿದ್ದ ತಡಾ, ಖುರ್ಚಿ ಬಿಟ್ಟ ಎದ್ದ ನಿಂತ್ರು. 'ಬರ್ರಿ ಸಣ್ಣ ದೇಸಾಯ್ರ' ಅಂದ್ರು. ನೂರಾ ಎಪ್ಪತ್ತ ಮಂದಿ ನೌಕರರು ಕೈ ಮುಗದ್ರು. ಖುರ್ಚಿ ಮ್ಯಾಲೆ ಕುಂಡ್ರಿಸಿದ್ರು. ಕೊಳ್ಳಾಗ ಹಾರ ಹಾಕಿದ್ರು."

"ಎಂಥಾ ಹಾರ?" ಎಂದ ಕಾಡಸಿದ್ದ. ದುರಗಪ್ಪನ ಕುತ್ತಿಗೆಯ ಸುತ್ತ ತಂತಿ ಕೊರೆದ ಕೆಂಪು ಗೆರೆಯನ್ನು ಅವನು ಆಗಲೇ ನೋಡಿದ್ದ.

"ಹಾರ ಅಂದ್ರ ಹಾರ ರೀ. ಬಾಗಲದಾಗ ಬಿಟ್ಟಿದ್ದ ಚಪ್ಲಿ ಎಲ್ಲಾ ತಂತ್ಯಾಗ ಪೋಣಿಸಿದ್ರು. ಅದರಾಗ ಅರ್ಧಕ್ಕರ್ಧಾ ನಾನs ಹೊಲದಾವು. ಅದಕ್ಕs ಹಾರ ಹಂಗ ಚೆಂದ ಕಾಣತಿತ್ತು."

ಕಾಡಸಿದ್ದನ ಪೆನ್ನು ನಿಂತಿತು.

"ಬರಕೋರಿ. ಆಮ್ಯಾಲೆ ವಿರುಪಾಕ್ಷಪ್ಪನವ್ರು, 'ಸಣ್ಣ ಸಾಹೇಬ್ರಿಗೆ ಶಿಕ್ಕಾ ಬೇಕಂತ, ಕಡಿಮಿ ಮಾಡಬ್ಯಾಡ್ರಿ' ಅಂತ ಜವಾನಗ ಹೇಳಿದ್ರು. ಇಬ್ಬರು ತಲಿ ಹಿಡದ್ರು. ಕಾಗದಕ್ಕ ಒಂದೂ ಒತ್ತಲಿಲ್ಲ ನೋಡ್ರಿ, ಎಲ್ಲಾ ನನಗs ಒತ್ತಿದ್ರು. ಹಣಿಗೆ ಒಂದು, ಗಲ್ಲಕ್ಕ ಎರಡು, ನಾಲಗಿ ಹೊರಗ ಎಳದ ನಾಲಗಿಗೆ ಒಂದು." ಅವನು ನಾಲಗೆ ಚಾಚಿದ. ನಾಲಗೆ ಜಾಂಬಳಿಯಾಗಿತ್ತು. "ಈ ತಾಲೂಕಿನಾಗ ಇಷ್ಟ ಶಿಕ್ಕಾ ಬಿದ್ದ ಮನಷ್ಯಾ ಇನ್ನೊಬ್ಬಾಂವ ಇದ್ರ ತೋರಸ್ರಿ, ನಾ ಮೀಸಿ ಬೋಳಸ್ತೀನಿ."

ಫೌಜದಾರ ಕಿಸಕ್ಕನೆ ನಕ್ಕ. ನಕ್ಕಿದ್ದು ತನಗೇ ಸರಿ ಕಾಣದೆ ಕೆಮ್ಮಿದ. "ಮುಂದ?"

ಮುಂದೆ ವಿರುಪಾಕ್ಷಪ್ಪ ವಾಡೆಗೆ ಫೋನು ಹಚ್ಚಿ ಕಾಗದವನ್ನು ಅಕ್ಷರ ಬಿಡದೆ ಓದಿದ. ಕಾಗದ, ಕಾರ್ಡು ಎರಡನ್ನೂ ಲಕ್ಕೋಟೆಯಲ್ಲಿ ಹಾಕಿ ತೆಗೆದಿಟ್ಟ. ಒಂದು ತಾಸಿನೊಳಗೆ ದೇಸಾಯರ ಕಬ್ಬಿನಾಳುಗಳ ಮುಕಾದಮ ಧರೆಪ್ಪ ಟ್ರ್ಯಾಕ್ಟರು ತಂದ. ಲಕ್ಕೋಟೆ ಧರೆಪ್ಪನ ಕಿಸೆಗೆ ಹೋಯಿತು, ದುರಗಪ್ಪನ ನಡುವಿಗೆ ಕಬ್ಬು ಕಟ್ಟುವ ಹಗ್ಗ ಬಿತ್ತು, ಹಗ್ಗದ ಇನ್ನೊಂದು ತುದಿ ಟ್ರಾಲಿಯ ಕೊಂಡಿಗೆ. ಹಗಲು ಹನ್ನೊಂದು ಗಂಟೆಗೆ, ಪೇಟೆಯ ನಡುವೆ. ಅಂಗಡಿಯವರು ಹೊರಗೆ ಬಂದು ನೋಡಿ ಒಳಗೆ ಹೋದರು. ಟ್ರ್ಯಾಕ್ಟರು ತನ್ನನ್ನು ಎಳೆಯಿತೆಂದು ದುರಗಪ್ಪ ಒಪ್ಪುವುದಿಲ್ಲ. ತಾನು ಹಿಮ್ಮಡಿ ಊರಿದಾಗಲೆಲ್ಲ ಅದರ ಮುಂದಿನ ಗಾಲಿ ನೆಲ ಬಿಟ್ಟು ಏಳುತ್ತಿತ್ತಂತೆ. ಹಾಗೆ ಏಳು ಮೈಲಿ. ಮೊಳಕಾಲಿನ ಚಿಪ್ಪಿನ ಮೇಲೆ ತೊಗಲು ಇರಲಿಲ್ಲ. ಅದನ್ನು ಅವನು ಜವಾಬಿನಲ್ಲಿ ಬರೆಸಲಿಲ್ಲ, ಕಾಡಸಿದ್ದ ತಾನೇ ನೋಡಿ ಬರೆದುಕೊಂಡ.

*

ವಾಡೆಯ ಚೌಕದಲ್ಲಿ ದೇಸಾಯರು ತೂಗುಮಂಚದ ಮೇಲೆ ಕೂತಿದ್ದರು. ಅರವತ್ತು ದಾಟಿದ ಆಳು, ಕಿವಿಯ ಮೇಲೆ ಬಿಳಿ ಕೂದಲು. ಧರೆಪ್ಪ ಲಕ್ಕೋಟೆ ಕೊಟ್ಟ. ದೇಸಾಯರು ಭಾಷಾಂತರ ಓದಿದರು. ಎರಡನೇ ಸಲವೂ ಓದಿ, ಕಾಲೂರಿ ತೂಗುಮಂಚ ನಿಲ್ಲಿಸಿದರು.

"ಅಲಲಲಾ! ನಮ್ಮ ರಗತಾ ಏನೋ ನೀನು? ಕೆರಾ ಹೊಲ್ಯಾವನ ಬೀಜಾ! ನಾಳೆ ಈ ಚೀಟಿ ಹಿಡಕೊಂಡ ಕೋರ್ಟಿಗೆ ಹೋಗಿ ಹೊಲದಾಗ ಪಾಲ ಕೇಳ್ತಿ. ನನ್ನ ಹೆಣಕ್ಕ ಬೆಂಕಿ ಹಚ್ಚಾಕೂ ಬರ್ತಿ. ಯಾವ ವಕೀಲ ಕಲಿಸಿದ್ನಲೇ ನಿನಗ ಇದನ್ನ?"

"ನೀವs ರೀ ಸಾಹೇಬ್ರ," ಎಂದ ದುರಗಪ್ಪ. "ಶಾಲ್ಯಾಗ ಹೆಸರ ಹಚ್ಚಿಸಿದಾವ್ರು ನೀವs ಅಲ್ರೀ?"

ಇಷ್ಟನ್ನು ಅವನು ನಿಜಕ್ಕೂ ಅಂದ. ಅಂದದ್ದಕ್ಕೆ ಬಾಯಲ್ಲಿ ಎರಡು ಹಲ್ಲು ಕಡಿಮೆಯಾದದ್ದೇ ಸಾಕ್ಷಿ.

ಅಲ್ಲಿಂದ ಮುಂದಿನದನ್ನು ಠಾಣೆಯಲ್ಲಿ ಅವನು ಎದ್ದು ನಿಂತು ಹೇಳಿದ. ಧರೆಪ್ಪ ಮತ್ತು ಎಂಟು ಮಂದಿ, ಅಲ್ಲ, ಹದಿನೆಂಟು ಮಂದಿ ಒಮ್ಮೆಲೇ ಮೈಮೇಲೆ ಬಿದ್ದರು. ಹಗ್ಗ ಹರಿದದ್ದು ನೂಲು ಹರಿದಂತೆ. ಒಬ್ಬನನ್ನು ಹಿಡಿದು ಇನ್ನೊಬ್ಬನಿಗೆ ಬಡಿದ, ಅವರಿಬ್ಬರನ್ನು ಮತ್ತಿಬ್ಬರಿಗೆ ಬಡಿದ, ಬಣವೆ ಒಟ್ಟಿದಂತೆ ಒಟ್ಟಿದ. ಬಳಿಕ ರಂಪಿಗೆ. ಬಳಿಕ ಆರಿ. ಬಳಿಕ ತೊಲೆ, ಹೊಳೆ. ಐದನೇ ಸಲ ದೇಸಾಯರನ್ನು ಅವರ ತೂಗುಮಂಚದ ಸರಪಳಿಗೆ ನೇತುಹಾಕಿದ. ಆರನೇ ಸಲ ಗಾಣದಲ್ಲಿ ಕಬ್ಬಿನ ಜೊತೆಗೆ ಕೊಟ್ಟ, ಹಾಲು ಕೆಂಪಗೆ ಬಂತು. ಏಳನೇ ಸಲ...

"ಕೈ ತಗಿ ಹೊರಗ," ಎಂದ ಫೌಜದಾರ.

"ಯಾಕ್ರಿ?"

"ಅಂಗಿಯಾಗಿಂದ ಕೈ ತಗೀಲೇ, ಹಡಸಿಮಗನ!"

ಕಾಡಸಿದ್ದ ಎದ್ದು ಬಂದು ಅಂಗಿ ಎತ್ತಿದ. ಎತ್ತಿದವನು "ಯಪ್ಪಾ ಸಿವನ!" ಎಂದು ಹಿಂದೆ ಸರಿದ. ಕೈಗಳಿದ್ದವು, ಬೆರಳುಗಳು ಬೆರಳಿನಂತೆ ಇರಲಿಲ್ಲ. ಹೆಬ್ಬೆರಳು ಬಿಟ್ಟು ಎಂಟೂ ಬೆರಳು ನಡುಗೆಣ್ಣಿನಲ್ಲಿ ಚಪ್ಪಟೆಯಾಗಿ, ಉಗುರು ಕಿತ್ತು, ಬದನೆಕಾಯಿಯಂತೆ ಕಪ್ಪಾಗಿದ್ದವು. ಎರಡೂ ಕೈಗೆ ಒಂದೇ ಸಮ ಅಡ್ಡಗೆರೆ. ವಾಡೆಯ ದೊಡ್ಡ ಬಾಗಿಲಿನ ಸಂದಿಯ ಅಳತೆ ಅದು.

"ಈ ಕೈಲೆ ರಂಪಗಿ ಹಿಡದಿ?"

"ಹಲ್ಲಲೆ ಹಿಡದ್ನಿರಿ."

"ತೊಲಿ?"

"ತೊಲಿ... ತೊಲಿ ಹೆಗಲಲೆ ರೀ. ಸಾಹೇಬ್ರ, ನಿಮಗ ಯಾಕ ಅದೆಲ್ಲಾ? ಕೊಂದೀನಿ ಅಂತ ನಾನs ಹೇಳಾಕತ್ತೀನಿ. ಫಾಸಿ ಹಾಕ್ರಿ, ನಾ ಏನ ಬ್ಯಾಡ ಅಂದ್ನೇನು? ಮೊದಲ ವಾಡೇಕ ನಡೀರಿ. ಬಾಗಲಾ ಒಡೀಬೇಕಾಗತೈತಿ, ನಾಕ ಮಂದಿ ಪೊಲೀಸ್ರ ಬೇಕು."

ಅಷ್ಟರಲ್ಲಿ ಹೊರಗೆ ಜೀಪಿನ ಸದ್ದಾಯಿತು. ಡ್ರೈವರ ಬಾಯಲ್ಲಿ ಎಲೆ ಜಗಿಯುತ್ತ ಬಂದಿದ್ದ. ದೇಸಾಯರ ಖೂನಾಗಿದೆ ಎಂದು ಕೇಳಿದ್ದೇ ತಡ, ಎಲೆ ಉಗುಳಿ ಗಾಡಿ ತಿರುಗಿಸಿ ನಿಲ್ಲಿಸಿದ, ಇಂಜಿನ್ನು ಬಂದ್ ಮಾಡಲಿಲ್ಲ. ಫೌಜದಾರ ಪಟ್ಟಿ ಬಿಗಿದ, ಟೊಪ್ಪಿಗೆ ಇಟ್ಟ. ಇಬ್ಬರು ಪೇದೆಗಳು ಬಂದೂಕು ಇಳಿಸಿಕೊಂಡು ಹಿಂದೆ ಹತ್ತಿದರು. ದುರಗಪ್ಪ ಯಾರೂ ಹೇಳದೆಯೇ ಓಡಿ, ಕೈ ಊರಲಾಗದೆ ಎದೆಯ ಮೇಲೆ ತೆವಳಿ ಜೀಪಿನೊಳಗೆ ಬಿದ್ದ. ಹೆಣ ನೋಡಲು ಹೋಗುವವನ ಮುಖದಲ್ಲಿ ಇರಬಾರದ ಒಂದು ಕಳೆ ಅವನ ಮುಖದಲ್ಲಿತ್ತು.

ಒಳಗೆ ಫೋನು ಗಣಗಣಿಸಿತು.

ಕಾಡಸಿದ್ದ ಎತ್ತಿ ಕಿವಿಗೆ ಹಚ್ಚಿದ. ಅವನ ಬೆನ್ನು ನೆಟ್ಟಗಾಯಿತು. ರಿಸೀವರನ್ನು ಫೌಜದಾರನ ಕಡೆ ಚಾಚಿದ.

"ನಮಸ್ಕಾರ್ರಿ ಸಾಹೇಬ್ರ!" ಫೌಜದಾರನ ಬೂಟು ಬೂಟಿಗೆ ತಾಗಿತು. "ಹೌದ್ರಿ... ಇಲ್ಲೇ ಅದಾನ್ರಿ... ಇಲ್ರಿ, ಇಲ್ರಿ, ಹೊಂಟಿಲ್ರಿ... ಆತ್ರಿ."

ಅವನು ಮಾತು ಮುಗಿಸಿ ರಿಸೀವರನ್ನು ಕೆಳಗಿಡಲಿಲ್ಲ. ದುರಗಪ್ಪನನ್ನು ಜೀಪಿನಿಂದ ಇಳಿಸಿ ಕಾಲರ್ ಹಿಡಿದು ಎಳೆತರಿಸಿದ. "ಏಳ ಸಲ ಸತ್ತಾವ್ರು ಮಾತಾಡಾಕತ್ತಾರ. ಕೇಳ ಬಾ, ಬೋಸಡಿಮಗನ," ಎಂದು ರಿಸೀವರನ್ನು ಅವನ ಕಿವಿಗೆ ಒತ್ತಿದ.

ದುರಗಪ್ಪ ಕೇಳಿದ. ದೇಸಾಯರು ಫೋನಿನ ಹತ್ತಿರವೇ ಇದ್ದರು, ಆದರೆ ಬೇರೆ ಯಾರ ಜೊತೆಗೋ ಮಾತಾಡುತ್ತಿದ್ದರು. ಅವರ ಹಿಂದಿನಿಂದ ಧರೆಪ್ಪನ ದನಿ, ಏದುಸಿರಿನ ನಡುವೆ: "ಬಾಯಿ ತಗೀವಲ್ಲಳ್ರೀ ಮುದಿಕಿ. ಇಕ್ಕಳಾ ತರಸ್ಲೇನ್ರಿ?"

ರಿಸೀವರು ಮೇಜಿನ ಮೇಲೆ ಬಿತ್ತು. ದುರಗಪ್ಪ ಫೌಜದಾರನ ಕಾಲಿಗೆ ಬೀಳಲಿಲ್ಲ. ಗೋಡೆಗೆ ಆತು, ಜಾರಿ, ನೆಲದ ಮೇಲೆ ಕೂತ. ಆಮೇಲೆ ಅವನು ಆಡಿದ ಮಾತು ಅವನ ಬಾಯಿಂದ ಅದುವರೆಗೆ ಯಾರೂ ಕೇಳದ ಸಣ್ಣ ದನಿಯಲ್ಲಿತ್ತು.

"ಕೊಂದಿಲ್ರಿ. ಒಂದ ಏಟೂ ಹೊಡದಿಲ್ಲ. ಕೈ ಎತ್ತಿಲ್ಲ. ಮಾಸ್ತರ ಬರದ ಕಾಗದಾ ತಿನ್ನು ಅಂದ್ರು, ತಿಂದ್ನಿ. ಬಾಗಲ ಸಂದ್ಯಾಗ ಬೆರಳ ಇಡು ಅಂದ್ರು, ಇಟ್ನಿ. ಹಿಡದಿಡಲಿಲ್ರಿ ಅವ್ರು, ನಾನs ಇಟ್ನಿ. ಅಂಜಿಕಿ ಅಂದ್ರ ಅಷ್ಟ. ಕಾರ್ಡ ಪ್ಲಾಸ್ಟಿಕದ್ದು, ಹರೀಲಿಲ್ಲ. ಧರೆಪ್ಪ ಸುಡಾಕ ಕಡ್ಡಿ ಗೀರಿದಾ. ಅವ್ವ ಗೋದಲ್ಯಾಗಿಂದ ಬಂದ್ಲು. ಯಾವಾಗ ಬಂದ್ಲೋ ಗೊತ್ತಾಗಲಿಲ್ಲ. ಕಸಗೊಂಡು ಬಾಯಾಗ ಹಾಕ್ಕೊಂಡ್ಲು. ಮಡಚಿ, ಇಡೀ ಕಾರ್ಡು. ಅಕಿ ಮ್ಯಾಲೆ ಎಲ್ಲಾರೂ ಬಿದ್ರು. ಬಾಗಲಾ ತೆರದಿತ್ತು. ನನ್ನ ಕಡೆ ನೋಡಿದ್ಲು. ನಾ ಓಡಿದ್ನಿ."

ಕಾಡಸಿದ್ದನ ಪೆನ್ನು ಹಾಳೆಯ ಮೇಲೆ ಒಂದೇ ಕಡೆ ನಿಂತು ಶಾಯಿ ಕಕ್ಕುತ್ತಿತ್ತು.

"ನನ್ನ ಹಿಂದ ಬಾಗಲಾ ಹಾಕ್ಕೊಂಡ್ರು. ಅಕಿ ಮಂಗಸೂಳಿಗೆ ಹೋಗಿಲ್ರಿ. ಅಲ್ಲೇ ಅದಾಳ. ಬಾಯಾಗ ನಾಕ ಹಲ್ಲ ಅದಾವ, ಅದರಲೇ ಹಿಡದಾಳ." ಅವನು ಕತ್ತೆತ್ತಿ ಫೌಜದಾರನನ್ನು ನೋಡಿದ. "ಸುಳ್ಳ ಯಾಕ ಹೇಳಿದ್ನಿ ಅಂತೀರಿ? ದೇಸಾಯ್ರು ಸತ್ತಾರ ಅಂದ್ರ ನಿಮ್ಮ ಜೀಪ ಹೊಂಡತೈತಿ. ಸಮಗಾರ ರುಕ್ಮವ್ವನ್ನ ಕೊಲ್ಲಾಕತ್ತಾರ ಅಂತ ಖರೇ ಹೇಳಿದ್ರ ಹೊಂಡತಿತ್ತೇನ್ರಿ?"

ಫೌಜದಾರ ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟ. ಕಿಟಕಿಯಿಂದ ಡ್ರೈವರನಿಗೆ ಒಂದು ಬೆರಳು ಅಲ್ಲಾಡಿಸಿದ.

ಜೀಪು ಬಂದಾಯಿತು.